ಕೆಸುವಿನ ಗದ್ದೆಯಿಂದ ಹೂಲ ನೃತ್ಯದವರೆಗೆ: ಹವಾಯಿಯಲ್ಲಿ ನನ್ನ ಅನುಭವ

ಹವಾಯಿಗೆ ರಜೆಗೆಂದು ಹೋಗುವವರಿಗೆ ಅಲ್ಲಿನ ಸಂಸ್ಕೃತಿಯೆಂದು ಮೊದಲು ಎದುರಾಗುವುದು ಕಡಲತೀರದ ಹೋಟೆಲುಗಳು ಸಂಜೆ ಏರ್ಪಡಿಸುವ ಲೂಔ ಎಂಬ ಭೋಜನಕೂಟ. ಅಲ್ಲಿ ಹಲವು ದ್ವೀಪಗಳ ಕುಣಿತಗಳನ್ನು ಒಂದೇ ವೇದಿಕೆಯ ಮೇಲೆ ತೋರಿಸುತ್ತಾರೆ. ಎಲ್ಲರೂ ಬೆರಗಾಗಿ ನೋಡುವ ಬೆಂಕಿಕತ್ತಿಯ ನೃತ್ಯ ವಾಸ್ತವವಾಗಿ ಸಮೋವಾ ಎಂಬ ಬೇರೊಂದು ದ್ವೀಪಸಮೂಹದ್ದು. ಆ ಕಲಾವಿದರ ಬಗ್ಗೆ ನನಗೆ ಗೌರವವಿದೆ. ಆದರೆ ಒಂದು ಜನ ತಮ್ಮ ನೆಲ, ನೀರು, ಹಿರಿಯರೊಡನೆ ಇಟ್ಟುಕೊಂಡಿರುವ ನಂಟನ್ನು ಅರಿಯಬೇಕಾದರೆ ಅವರು ದುಡಿಯುವ ಜಾಗಕ್ಕೆ, ಅವರ ಕ್ರಮಕ್ಕೆ ಒಳಪಟ್ಟು ಹೋಗಬೇಕೆಂಬುದು ನನ್ನ ನಿಲುವು. ಪ್ರವಾಸವನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಂಡೆ.

ಮೊದಲು ಇತಿಹಾಸ ತಿಳಿದಿರಲೆಂದು ಹೊನೊಲುಲುವಿನ ಇಯೊಲಾನಿ ಅರಮನೆಗೆ ಹೋದೆ. ಹವಾಯಿ ಇನ್ನೂ ಸ್ವತಂತ್ರ ರಾಜ್ಯವಾಗಿದ್ದಾಗ, 1882ರಲ್ಲಿ, ದೊರೆ ಕಲಾಕೌವನ ಕಾಲದಲ್ಲಿ ಅದು ಪೂರ್ಣಗೊಂಡಿತು. ಮಿಷನರಿಗಳ ಪ್ರಭಾವದಿಂದ ಸಾರ್ವಜನಿಕ ಜೀವನದಲ್ಲಿ ಮರೆಗೆ ಸರಿದಿದ್ದ ಹೂಲ ನೃತ್ಯಕ್ಕೆ ಮತ್ತೆ ರಾಜಾಶ್ರಯ ಕೊಟ್ಟವನೂ ಅವನೇ. ಅವನ ತಂಗಿ, ರಾಣಿ ಲಿಲಿಉಓಕಲಾನಿಯನ್ನು 1893ರ ಜನವರಿಯಲ್ಲಿ ಅಮೆರಿಕದ ನೌಕಾಸೈನಿಕರು ಊರಿಗೆ ಇಳಿದಿದ್ದ ಹೊತ್ತಿನಲ್ಲಿ ಪದಚ್ಯುತಗೊಳಿಸಲಾಯಿತು. 1895ರಲ್ಲಿ ಇದೇ ಅರಮನೆಯ ಮೇಲಂತಸ್ತಿನ ಕೋಣೆಯಲ್ಲಿ ಆಕೆಯನ್ನು ಸೆರೆಯಿಟ್ಟರು. ಸೆರೆಯಲ್ಲಿದ್ದಾಗ ಆಕೆ ಹೊಲಿಯಲು ತೊಡಗಿದ ಕೌದಿಯನ್ನು ಅಲ್ಲಿ ನೋಡಿದ ಮೇಲೆ, ಹವಾಯಿಯನ್ನು 1898ರಲ್ಲಿ ಅಮೆರಿಕಕ್ಕೆ ಸೇರಿಸಿಕೊಂಡದ್ದನ್ನು ಮೂಲನಿವಾಸಿಗಳಲ್ಲಿ ಅನೇಕರು ಇಂದಿಗೂ ಮುಗಿದ ಮಾತೆಂದು ಏಕೆ ಒಪ್ಪುವುದಿಲ್ಲ ಎಂಬುದು ನನಗೆ ಮನದಟ್ಟಾಯಿತು. 1889ರಲ್ಲಿ ಸ್ಥಾಪನೆಯಾದ ಬಿಷಪ್ ಮ್ಯೂಸಿಯಂನಲ್ಲಿ ಅರಸರ ಗರಿಯ ಮೇಲುಹೊದಿಕೆಗಳಿವೆ. ಅದಕ್ಕೂ ಒಂದು ಪೂರ್ತಿ ದಿನ ಮೀಸಲಿಡುವುದು ಒಳ್ಳೆಯದು.

ಪ್ರವಾಸದ ನಿಜವಾದ ಸಾರ ಸಿಕ್ಕಿದ್ದು ಹವಾಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಕಾನೆವಾಯ್ ಕೆಸುವಿನ ಗದ್ದೆಯಲ್ಲಿ. ಮಾನೋವ ಹೊಳೆಯ ದಡದಲ್ಲಿರುವ ಈ ಗದ್ದೆಯಲ್ಲಿ ತಿಂಗಳ ಮೊದಲ ಶನಿವಾರ ಊರವರೊಡನೆ ಹೊರಗಿನವರೂ ಕೆಲಸಕ್ಕೆ ಇಳಿಯಬಹುದು. ಅವರು ಕಾಲೊ ಎನ್ನುವ ಬೆಳೆ ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಪತ್ರೊಡೆಗೆ ಬಳಸುವ ಕೆಸುವಿನ ಜಾತಿಯದೇ. ಅವರ ಪುರಾಣದ ಪ್ರಕಾರ ಆಕಾಶದೇವ ವಾಕೇಅನಿಗೆ ಹುಟ್ಟಿದ ಒಂದು ಮಗು ಉಸಿರಿಲ್ಲದೆ ಹುಟ್ಟಿತು. ಅದನ್ನು ಹೂಳಿದ ಜಾಗದಲ್ಲಿ ಕೆಸು ಚಿಗುರಿತು. ಅದರ ಬೆನ್ನಿಗೆ ಹುಟ್ಟಿದ ಹಾಲೊಅ ಎಂಬ ಮಗನಿಂದ ಜನರ ವಂಶ ಬೆಳೆಯಿತು. ಹಾಗಾಗಿ ಕೆಸು ಮನುಷ್ಯನಿಗೆ ಅಣ್ಣ. ಅಣ್ಣ ತಮ್ಮನಿಗೆ ಉಣಿಸುತ್ತಾನೆ, ತಮ್ಮ ಅಣ್ಣನನ್ನು ನೋಡಿಕೊಳ್ಳುತ್ತಾನೆ.

ಒಳಗೆ ಹೋಗುವ ಮುನ್ನ ಎಲ್ಲರೂ ಹೊರಗೆ ನಿಂತು, ತಿಳಿದವರು ಪ್ರವೇಶಕ್ಕೆ ಅನುಮತಿ ಬೇಡುವ ಮಂತ್ರರೂಪದ ಪದ್ಯವನ್ನು ಹೇಳಿದರು; ಒಳಗಿನಿಂದ ಮರುಪದ್ಯ ಕೇಳಿಬಂದ ಮೇಲೆಯೇ ಹೆಜ್ಜೆ ಇಟ್ಟೆವು. ಪದ್ಯ ಬಾರದವರು ಟೋಪಿ ತೆಗೆದು ಸುಮ್ಮನೆ ನಿಂತರೆ ಸಾಕು. ಆಮೇಲೆ ಮೊಣಕಾಲುದ್ದದ ಕೆಸರಿನಲ್ಲಿ ಕಳೆ ಕಿತ್ತು, ಗಡ್ಡೆಯ ತಲೆಭಾಗ ಉಳಿಸಿ ಕತ್ತರಿಸಿದ ದಂಟುಗಳನ್ನು ನೆಟ್ಟೆವು. ಹೊಳೆಯಿಂದ ಕಾಲುವೆಯಲ್ಲಿ ತಂದ ನೀರು ಗದ್ದೆಯಿಂದ ಗದ್ದೆಗೆ ಇಳಿದು ಕೊನೆಗೆ ಹೊಳೆಗೇ ಮರಳಬೇಕೆಂಬುದು ಅಲ್ಲಿನ ಮೂಲನಿಯಮ. ನೀರು ನಿಂತು ಬಿಸಿಯಾದರೆ ಗಡ್ಡೆ ಕೊಳೆಯುತ್ತದೆ. ಕೆಳಗಿನ ಗದ್ದೆಯವನಿಗೂ ಪಾಲು ಸಿಗಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಕಬ್ಬಿನ ತೋಟಗಳು ಹೊಳೆಗಳನ್ನೇ ತಿರುಗಿಸಿಕೊಂಡಾಗ ಅನೇಕ ಕಣಿವೆಗಳಲ್ಲಿ ಕೆಸುವಿನ ಬೇಸಾಯ ಕ್ಷೀಣಿಸಿತು. ಕಾಲುವೆಯ ಹೂಳು ಎತ್ತುವುದು ಅಲ್ಲಿನವರಿಗೆ ಕಳೆದುಕೊಂಡದ್ದನ್ನು ಮರಳಿ ಪಡೆಯುವ ಕೆಲಸವೂ ಹೌದು ಎಂಬುದನ್ನು ನಾನು ಕೆಸರಿನಲ್ಲಿ ನಿಂತೇ ಅರಿತೆ. ಕಾಲಿನಲ್ಲಿ ಗಾಯವಿರುವವರು ಮಾತ್ರ ದಯವಿಟ್ಟು ಇಳಿಯಬಾರದು. ಅಲ್ಲಿನ ಸಿಹಿನೀರಿನಿಂದ ಇಲಿಜ್ವರ ತಗಲುವ ಅಪಾಯವಿದೆ.

ಹಸಿ ಕೆಸು ಬಾಯಿ ತುರಿಸುತ್ತದೆಂಬುದು ನಮ್ಮ ಅಡುಗೆಮನೆಗೆ ಗೊತ್ತಿರುವ ವಿಷಯ. ಅವರೂ ಗಡ್ಡೆಯನ್ನು ಬಹಳ ಹೊತ್ತು ಬೇಯಿಸಿ, ಮರದ ಹಲಗೆಯ ಮೇಲೆ ಕಲ್ಲಿನಿಂದ ಕುಟ್ಟಿ, ನೀರು ಬೆರೆಸಿ ಪೊಯ್ ಮಾಡುತ್ತಾರೆ. ಒಂದೆರಡು ದಿನ ಇಟ್ಟರೆ ಅದು ಹುಳಿಯಾಗುತ್ತದೆ. ನನಗೆ ಹುಳಿಬಂದದ್ದೇ ಹೆಚ್ಚು ಹಿಡಿಸಿತು. ಸಸ್ಯಾಹಾರಿಗಳಿಗೆ ಒಂದು ಮಾತು: ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸುವ ಲೌಲೌ ಪತ್ರೊಡೆಯನ್ನು ನೆನಪಿಸಿದರೂ ಅದರೊಳಗೆ ಸಾಮಾನ್ಯವಾಗಿ ಹಂದಿಮಾಂಸ ಇಲ್ಲವೇ ಮೀನು ಇರುತ್ತದೆ. ಪೊಯ್, ಗೆಣಸು, ಜೀಗುಜ್ಜೆ, ಕೆಸು ಮತ್ತು ತೆಂಗಿನಹಾಲಿನ ಕೂಲೊಲೊ ಎಂಬ ಸಿಹಿ, ಇಷ್ಟರಲ್ಲಿ ಊಟ ಸೊಗಸಾಗಿ ನಡೆಯುತ್ತದೆ.

ಅಲ್ಲಿಂದ, ಇಡೀ ದ್ವೀಪಸಮೂಹಕ್ಕಿರುವ ಹೆಸರನ್ನೇ ಹೊತ್ತ ಹವಾಯಿ ಎಂಬ ದೊಡ್ಡ ದ್ವೀಪಕ್ಕೆ ಹೋಗಿ ಹೋನೌನೌವಿನ ಅಭಯಕ್ಷೇತ್ರವನ್ನು ನೋಡಿದೆ. ಕಪು ಎಂಬ ಕಟ್ಟಳೆಯನ್ನು ಮುರಿದವರಿಗೆ ಮರಣದಂಡನೆಯಿದ್ದ ಕಾಲದಲ್ಲಿ ಇದರ ಗೋಡೆಯೊಳಗೆ ತಲುಪಿದವರ ಜೀವ ಉಳಿಯುತ್ತಿತ್ತು. ಹೆಂಗಸರು ಗಂಡಸರೊಡನೆ ಉಣ್ಣುವುದೂ ಬಾಳೆಹಣ್ಣು ತಿನ್ನುವುದೂ ಆಗ ನಿಷಿದ್ಧವಾಗಿತ್ತು. 1819ರಲ್ಲಿ ದೊರೆ ಲಿಹೊಲಿಹೊ ರಾಜಮನೆತನದ ಹೆಂಗಸರೊಡನೆ ಕುಳಿತು ಉಂಡದ್ದರಿಂದ ಆ ವ್ಯವಸ್ಥೆಯೇ ಕುಸಿಯಿತು. ಅಲ್ಲಿನ ಗೋಡೆಗಳನ್ನು ಹತ್ತಬಾರದು, ಲಾವಾ ಕಲ್ಲನ್ನು ಎತ್ತಿಕೊಂಡು ಬರಬಾರದು.

ಹೂಲವನ್ನು ನಾನು ಬೇಕೆಂದೇ ಕೊನೆಗಿಟ್ಟುಕೊಂಡಿದ್ದೆ. ಅದೇ ದ್ವೀಪದ ಹೀಲೊ ಪಟ್ಟಣದಲ್ಲಿ ಈಸ್ಟರ್ ನಂತರದ ವಾರ ಕಲಾಕೌವನ ಗೌರವಾರ್ಥ ನಡೆಯುವ ಮೆರ್ರಿ ಮೊನಾರ್ಕ್ ಉತ್ಸವದಲ್ಲಿ 1971ರಿಂದಲೂ ಹೂಲ ಸ್ಪರ್ಧೆಗಳಿವೆ. ಸೋರೆಬುರುಡೆಯ ತಾಳವಾದ್ಯದ ಬಡಿತಕ್ಕೆ ಗುರು ಪದ್ಯ ಹೇಳುತ್ತಾರೆ. ಶಿಷ್ಯರು ಒಂದೇ ಮೈಯಾಗಿ ಚಲಿಸುತ್ತಾರೆ. ಆ ಪದ್ಯಗಳಲ್ಲಿ ಇಂಥ ಕಣಿವೆಯ ಮಳೆ, ಇಂಥ ಊರಿನ ಗಾಳಿ ಎಂದು ಹೆಸರು ಹಿಡಿದೇ ಹೇಳುವುದರಿಂದ ಅರ್ಥವನ್ನು ಮೊದಲೇ ಓದಿಕೊಂಡು ಹೋಗುವುದು ಅಗತ್ಯ. ಸ್ಪರ್ಧೆಯ ಟಿಕೆಟ್ ಸಿಗುವುದು ಕಷ್ಟ. ಬುಧವಾರ ರಾತ್ರಿ ಸ್ಪರ್ಧೆಯಲ್ಲದ ಪ್ರದರ್ಶನವೂ ಇರುತ್ತದೆ; ಅದರ ಪ್ರವೇಶದ ಕ್ರಮವನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು.