ಜಿಪ್ಸಿ ಜಾಝ್‌ಗೆ ಬಲಗೈ ಪಳಗಿಸಿದ್ದು

ಜಿಪ್ಸಿ ಜಾಝ್ ಅನ್ನುವ ಗಿಟಾರ್ ಶೈಲಿಯನ್ನು ಹುಟ್ಟುಹಾಕಿದ ಜಾಂಗೊ ರೈನ್‌ಹಾರ್ಟ್ ಹೆಸರು ಬಂದರೆ ಮಾತು ಮೊದಲು ಎಡಗೈಗೇ ಹೋಗುತ್ತದೆ. 1928ರಲ್ಲಿ ಅವರ ವಾಸದ ಬಂಡಿಗೆ ಬೆಂಕಿ ಬಿತ್ತು. ಎಡಗೈಯ ಉಂಗುರ ಬೆರಳು, ಕಿರುಬೆರಳು ಎರಡೂ ಸುಟ್ಟು ಸೆಟೆದುಕೊಂಡವು. ಸೋಲೋಗಳನ್ನು ಉಳಿದೆರಡು ಬೆರಳಲ್ಲೇ ನುಡಿಸಿದರು. ಕಥೆ ದೊಡ್ಡದೇ, ಇಲ್ಲ ಅನ್ನಲ್ಲ. ಆದರೆ ಆ ಸದ್ದು ಇರುವುದು ಬಲಗೈಯಲ್ಲಿ. 1934ರಲ್ಲಿ ಪ್ಯಾರಿಸ್‌ನಲ್ಲಿ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲಿ ಜೊತೆ ಸೇರಿ ಅವರು ಕಟ್ಟಿದ ತಂಡದಲ್ಲಿ ಒಂದು ಪಿಟೀಲು, ಮೂರು ಗಿಟಾರ್, ಒಂದು ಬೇಸ್ ಇತ್ತು. ಡ್ರಮ್ಸ್ ಇರಲಿಲ್ಲ. ಎರಡು ರಿದಮ್ ಗಿಟಾರ್‌ಗಳ ಅಬ್ಬರದ ಮೇಲೆ, ಆಂಪ್ಲಿಫೈಯರ್ ಇಲ್ಲದೆ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಬೇಕು. ಮೆಲ್ಲಗೆ ತಂತಿ ಸವರಿದರೆ ಆಗುವ ಕೆಲಸ ಅಲ್ಲ, ಅಲ್ವಾ?

ನಾನು ಬೆಂಗಳೂರಿನ ಎಷ್ಟೋ ಹುಡುಗರ ಹಾಗೆ ಕಾಲೇಜಿನಿಂದ ರಾಕ್ ನುಡಿಸಿಕೊಂಡು ಬಂದವನು. ಕೈ ಪೂರ್ತಿ ಆಲ್ಟರ್ನೇಟ್ ಪಿಕಿಂಗ್‌ಗೆ ಒಗ್ಗಿತ್ತು. ಒಮ್ಮೆ ಕೆಳಗೆ, ಒಮ್ಮೆ ಮೇಲೆ, ತಂತಿ ಯಾವುದಾದರೂ ಸರಿ. ಅಂಗೈ ಬುಡ ಸದಾ ಬ್ರಿಜ್ ಮೇಲೆ, ಅಂದರೆ ಗಿಟಾರಿನ ಒಡಲಲ್ಲಿ ತಂತಿಗಳು ಕೂರುವ ಪಟ್ಟಿಯ ಮೇಲೆ, ಒರಗಿರುತ್ತಿತ್ತು. ಜಿಪ್ಸಿ ಕೈಯಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಡಚ್ ಗಿಟಾರ್ ವಾದಕ ಸ್ಟೊಕೆಲೊ ರೋಸೆನ್‌ಬರ್ಗ್ ನುಡಿಸುವ ವಿಡಿಯೋಗಳನ್ನು ಸದ್ದು ಬಂದ್ ಮಾಡಿ, ನಿಧಾನ ಮಾಡಿ, ಬರೀ ಬಲಗೈ ನೋಡುತ್ತಾ ಕೂತೆ. ಮಣಿಕಟ್ಟು ಸ್ವಲ್ಪ ಬಾಗಿ ಎದ್ದಿರುತ್ತದೆ. ಅಂಗೈ ಏನನ್ನೂ ಮುಟ್ಟುವುದಿಲ್ಲ. ಗಿಟಾರಿನ ಮೇಲಂಚಿಗೆ ಮುಂಗೈ ಒರಗಿರುತ್ತದೆ, ಅಷ್ಟೇ ಆಸರೆ. ಪಿಕ್, ಅಂದರೆ ಬೆರಳಲ್ಲಿ ಹಿಡಿದು ತಂತಿ ಮೀಟುವ ಬಿಲ್ಲೆ, ತಂತಿಯನ್ನು ಹೊಡೆದು ಗಾಳಿಗೆ ಹೋಗುವುದಿಲ್ಲ, ಕೆಳಗಿನ ತಂತಿಗೆ ಬಂದು ತಾಗಿ ನಿಲ್ಲುತ್ತದೆ. ಅದಕ್ಕೇ ಇದನ್ನು ರೆಸ್ಟ್ ಸ್ಟ್ರೋಕ್ ಅನ್ನುತ್ತಾರೆ. ಊಟಕ್ಕೆ ಕೂರುವ ಮುಂಚೆ ಕೈ ತೊಳೆದು ನೀರು ಕೊಡವುತ್ತೇವಲ್ಲ, ಮಣಿಕಟ್ಟಿನ ಚಲನೆ ಹೆಚ್ಚು ಕಡಿಮೆ ಅದೇ.

ಕೊಡವುವಾಗ ಯಾರೂ ಬಲ ಹಾಕುವುದಿಲ್ಲ. ನಾನು ಮಾತ್ರ ಗಿಟಾರ್ ಹಿಡಿದ ಕೂಡಲೇ ಬಲ ಹಾಕುತ್ತಿದ್ದೆ. ಅಮ್ಮ ವೀಣೆ ಕಲಿತವರು. ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡು, "ಯಾಕೋ ಅಷ್ಟು ಗುದ್ದುತೀಯ? ಮೀಟಿ ಬಿಟ್ಟುಬಿಡೋ, ಕೈ ತಾನಾಗೇ ಬೀಳತ್ತೆ" ಅಂದರು. ವೀಣೆಯಲ್ಲೂ ತೋರುಬೆರಳು, ನಡುಬೆರಳು ಮುಖ್ಯ ತಂತಿಗಳನ್ನು ಕೆಳಮುಖವಾಗೇ ಮೀಟುತ್ತವೆ. ನಾನು ಇಡೀ ಇಂಟರ್ನೆಟ್ ಜಾಲಾಡಿದ್ದೆ, ಉತ್ತರ ಅಡುಗೆಮನೆಯಲ್ಲಿತ್ತು. ಅವತ್ತಿನಿಂದ ಕೆಲವು ವಾರ ಎಡಗೈಗೆ ರಜೆ ಕೊಟ್ಟು, ಖಾಲಿ ತಂತಿಗಳ ಮೇಲೆ ಬರೀ ಕೈ ಬೀಳಿಸುವ ಕೆಲಸ. ತುಂಬಾ ಬೋರು, ನಿಜ. ಆದರೆ ಸದ್ದು ದಪ್ಪ ಆಗಿದ್ದು ಆಗಲೇ. ಎಲ್ಲಕ್ಕಿಂತ ಕೆಳಗಿರುವ ತೆಳು ತಂತಿ, ಅಂದರೆ ಮೊದಲನೇ ತಂತಿ ಮಾತ್ರ ಇವತ್ತಿಗೂ ಕಾಡುತ್ತದೆ. ಅದರ ಕೆಳಗೆ ಪಿಕ್ ನಿಲ್ಲೋಕೆ ತಂತಿಯೇ ಇಲ್ಲ, ಕೈ ತಾನೇ ಲೆಕ್ಕ ಹಾಕಿ ನಿಲ್ಲಬೇಕು.

ನಾವಿರುವುದು ಹನುಮಂತನಗರದ ಮಹಡಿ ಮನೆ, ಕೆಳಗೆ ಓನರ್. ರಾತ್ರಿ ಅಭ್ಯಾಸಕ್ಕೆ ಬ್ರಿಜ್ ಹತ್ತಿರ ತಂತಿಗಳ ಕೆಳಗೆ ಒಂದು ಕರ್ಚೀಫ್ ತುರುಕುತ್ತೇನೆ. ಇದರಿಂದ ಇನ್ನೊಂದು ಲಾಭ ಇದೆ. ಸ್ವರ ಸತ್ತು ಪಿಕ್ಕಿನ ಟಕ್ ಟಕ್ ಮಾತ್ರ ಉಳಿಯುತ್ತದೆ. ಯಾವ ಏಟು ಸೊರಗಿದೆ, ಯಾವುದು ಅವಸರ ಮಾಡಿದೆ ಅನ್ನುವುದು ತಕ್ಷಣ ಸಿಕ್ಕಿಬೀಳುತ್ತದೆ.

ಇನ್ನು ನಿಯಮ. ತಂತಿ ಬದಲಾದಾಗಲೆಲ್ಲ ಡೌನ್‌ಸ್ಟ್ರೋಕ್, ಅಂದರೆ ಕೆಳಮುಖದ ಏಟು. ಹಿಂದಿನ ಏಟೂ ಡೌನ್ ಆಗಿದ್ದರೂ ಸರಿ, ಹೊಸ ತಂತಿ ಅಂದರೆ ಡೌನ್. ಕೇಳೋಕೆ ಸುಲಭ. ಮೂರನೇ ತಂತಿಯಲ್ಲಿ ಮೂರು ಸ್ವರ ನುಡಿಸಿ ಎರಡನೇ ತಂತಿಗೆ ಹೋಗುವುದಾದರೆ ಸುಲಭವೇ. ಡೌನ್, ಅಪ್, ಡೌನ್. ಅಷ್ಟರಲ್ಲಿ ಪಿಕ್ ಎರಡನೇ ತಂತಿಗೆ ತಾಗಿ ನಿಂತಿರುತ್ತದೆ, ಹಾಗೇ ತಳ್ಳಿದರೆ ಆಯಿತು. ಇದೇ ಮೂರು ಸ್ವರ ನುಡಿಸಿ ದಪ್ಪ ತಂತಿ ಕಡೆಗೆ ವಾಪಸ್ ಬನ್ನಿ ನೋಡೋಣ. ಕೊನೆಯ ಡೌನ್ ಮುಗಿದಾಗ ಪಿಕ್ ಕೆಳಗಿದೆ. ಎರಡು ತಂತಿ ದಾಟಿ ಮೇಲೆ ಹಾರಿ, ಮತ್ತೆ ಡೌನ್ ಬೀಳಬೇಕು. ರಾಕ್ ಕೈ ಇಲ್ಲಿ ಸುಮ್ನೆ ಅಪ್ ಹೊಡೆದು ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಇಳಿಯುವ ಸಾಲುಗಳಲ್ಲಿ ನಾನು ಎಡಗೈ ಬೆರಳಿನ ಜಾಗವನ್ನೇ ಬದಲಿಸಿಕೊಂಡೆ. ಒಂದೊಂದು ತಂತಿಗೆ ಎರಡು ಸ್ವರ ಬರುವ ಹಾಗೆ ಹೊಂದಿಸಿದರೆ ಕೊನೆಯದು ಅಪ್ ಆಗುತ್ತದೆ, ಕೈ ಆಗಲೇ ಮೇಲ್ಮುಖವಾಗಿರುತ್ತದೆ, ದಾಟೋದು ಹಗುರ. ಇದು ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಉಪಾಯ. ಎಡಗೈ ಬಲಗೈಯ ಮಾತು ಕೇಳಬೇಕು ಅಂತ ರಾಕ್ ನುಡಿಸುವಾಗ ನನಗೆ ಹೊಳೆದೇ ಇರಲಿಲ್ಲ.

ಪಿಕ್ ದಪ್ಪ ಬೇಕು, ಮೂರು ಮಿಲಿಮೀಟರ್ ಅಥವಾ ಜಾಸ್ತಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ತೆಳು ಪಿಕ್ ಬಾಗಿಬಿಡುತ್ತದೆ, ಕೈಯ ಭಾರ ತಂತಿಗೆ ತಲುಪುವುದಿಲ್ಲ. ಸರೋದ್ ನುಡಿಸುವವರ ಪಿಕ್ಕಿಗೆ ಜವಾ ಅನ್ನುತ್ತಾರೆ, ಅದು ತೆಂಗಿನ ಕರಟದ್ದು. ಅದು ನೆನಪಾಗಿ, ಚಟ್ನಿಗೆ ತುರಿದ ಕಾಯಿಯ ಕರಟ ಎತ್ತಿಟ್ಟುಕೊಂಡೆ. ಆದಷ್ಟು ಚಪ್ಪಟೆಯಾದ ಜಾಗದಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು, ಒರಟು ಸ್ಯಾಂಡ್‌ಪೇಪರ್, ಆಮೇಲೆ ನಯದ್ದು. ತುದಿಯ ಒಂದು ಅಂಚನ್ನು ಓರೆಯಾಗಿ ಸವೆಸಿದರೆ ತಂತಿಯಿಂದ ಜಾರಿ ಹೊರಬರುತ್ತದೆ, ಇಲ್ಲದಿದ್ದರೆ ಕಿರ್ ಅಂತ ಸಿಕ್ಕಿಕೊಳ್ಳುತ್ತದೆ. ಸದ್ದು ಮರದ ಹಾಗೆ, ಬೆಚ್ಚಗಿದೆ. ಗಿಟಾರ್ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಇಟಲಿಯ ಮಾರಿಯೊ ಮಕಾಫೆರಿ ವಿನ್ಯಾಸ ಮಾಡಿ 1932ರಲ್ಲಿ ಫ್ರಾನ್ಸ್‌ನ ಸೆಲ್ಮರ್ ಕಂಪನಿ ಹೊರತಂದ, ಈ ಶೈಲಿಯವರ ಮೆಚ್ಚಿನ ಮಾದರಿ ಚೆಂದವೇ, ಆದರೆ ಅದೇ ಬೇಕು ಅಂತೇನಿಲ್ಲ. ನನ್ನದು ಸಾಮಾನ್ಯ ಸ್ಟೀಲ್ ತಂತಿ ಗಿಟಾರ್, ತಂತಿ ಮಾತ್ರ 12ರ ಬದಲು ಸ್ವಲ್ಪ ತೆಳುವಾದ 11ರ ಸೆಟ್.

ಸೋಲೋ ಬಂದರೆ ಸಾಲದು, ಈ ಸಂಗೀತದಲ್ಲಿ ಜಾಸ್ತಿ ಹೊತ್ತು ರಿದಮ್ಮೇ ನುಡಿಸಬೇಕು. ಆ ರಿದಮ್‌ಗೆ ಲಾ ಪೊಂಪ್ ಅನ್ನುತ್ತಾರೆ. ನಾಲ್ಕು ಎಣಿಕೆಯಲ್ಲಿ ಒಂದು ಮತ್ತು ಮೂರಕ್ಕೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳು) ಕೇಳಬೇಕು, ಎರಡು ಮತ್ತು ನಾಲ್ಕಕ್ಕೆ ಚುರುಕು ಏಟು, ಎಡಗೈ ಸಡಿಲಿಸಿ ತಕ್ಷಣ ಕತ್ತರಿಸಬೇಕು. ರಾಮನವಮಿ ಸಮಯದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಕಛೇರಿಗಳಲ್ಲಿ ತೊಡೆ ತಟ್ಟಿ ಬೆಳೆದವರು ನಾವು, ಒಂದನೇ ಎಣಿಕೆಗೆ ಕೈ ತಾನಾಗೇ ಬೀಳುತ್ತದೆ. ಅದನ್ನು ಎರಡಕ್ಕೆ ಸರಿಸೋಕೆ ಮೆಟ್ರೊನೋಮ್, ಅಂದರೆ ಟಕ್ ಟಕ್ ಅಂತ ಲಯ ಕೊಡುವ ಸಾಧನವನ್ನು, ಅರ್ಧ ವೇಗಕ್ಕಿಟ್ಟೆ. ನಿಮಿಷಕ್ಕೆ 120 ಎಣಿಕೆಯ ಹಾಡಿಗೆ 60. ಅದರ ಪ್ರತಿ ಟಕ್ ಎರಡು ಮತ್ತು ನಾಲ್ಕು ಅಂತ ಎಣಿಸಿಕೊಂಡು ನುಡಿಸಬೇಕು. ಮೊದಮೊದಲು ನಾಲ್ಕೇ ಸುತ್ತಿನಲ್ಲಿ ಎಣಿಕೆ ತಿರುಗಿ ಹೋಗುತ್ತಿತ್ತು. ಈಗ 180ರವರೆಗೆ ನಿಲ್ಲುತ್ತದೆ. ಅದರ ಮೇಲೆ ಹೋದರೆ ಮುಂಗೈ ಬಿಗಿಯುತ್ತದೆ, ಬಿಗಿದ ಕೂಡಲೇ ಗಿಟಾರ್ ಕೆಳಗಿಡುತ್ತೇನೆ. ಭಾನುವಾರಗಳಂದು ಪಕ್ಕದ ಬೀದಿಯ ಗೆಳೆಯ ಬರುತ್ತಾನೆ, ಒಬ್ಬರು ಪೊಂಪ್, ಒಬ್ಬರು ಸೋಲೋ, ಆಮೇಲೆ ಅದಲು ಬದಲು. ಪೊಂಪ್ ಸರದಿ ತನಗೇ ಬೇಕು ಅಂತ ಅವನು ಜಗಳಕ್ಕೆ ನಿಲ್ಲುತ್ತಾನೆ, ನಾನೂ ಬಿಡುವುದಿಲ್ಲ.