ಬೀಗ ಹಾಕಿದ ಮನೆಯೆಲ್ಲ ಖಾಲಿ ಮನೆಯಲ್ಲ

ಒಂದು ಬಡಾವಣೆಯ ವಸತಿ ಸ್ಥಿತಿಯನ್ನು ಅಧ್ಯಯನ ಮಾಡಲು ಹೊರಟ ಮೊದಲ ವಾರವೇ ನಾನು ಎಡವಿದ್ದು ‘ಮನೆ’ ಎಂಬ ಪುಟ್ಟ ಪದಕ್ಕೆ. ನಕ್ಷೆಯಲ್ಲಿ ಒಂದು ಕಟ್ಟಡ, ವಿದ್ಯುತ್ ದಾಖಲೆಯಲ್ಲಿ ಎರಡು ಮೀಟರ್, ಒಳಗೆ ಹೋದರೆ ಮೂರು ಒಲೆ. ವಿಶ್ವಸಂಸ್ಥೆಯ ಜನಗಣತಿ ಶಿಫಾರಸುಗಳು ಕಟ್ಟಡ, ವಾಸದ ಘಟಕ, ಕುಟುಂಬ ಇವನ್ನು ಬೇರೆ ಬೇರೆಯಾಗಿಯೇ ನೋಡುತ್ತವೆ. ಊಟ ಮತ್ತು ಜೀವನದ ಅಗತ್ಯಗಳಿಗೆ ಒಟ್ಟಾಗಿ ಏರ್ಪಾಡು ಮಾಡಿಕೊಂಡವರು ಒಂದು ಕುಟುಂಬ. ನಾನು ಒಂದೇ ಕಾಲಮಿನಲ್ಲಿ ಎಲ್ಲವನ್ನೂ ತುರುಕಿದ್ದೆ. ನಲವತ್ತು ಹಾಳೆಗಳನ್ನು ಮತ್ತೆ ಬರೆಯಬೇಕಾಯಿತು.

ಕೋಣೆಯ ವಿಷಯದಲ್ಲಿ ಇನ್ನೂ ತಮಾಷೆ. ಐದು ಜನರಿದ್ದ ಮನೆಯೊಂದರಲ್ಲಿ ‘ಎರಡು ಕೋಣೆ’ ಎಂದರು. ನೋಡಿದರೆ ಒಂದೇ ಕೋಣೆ, ನಡುವೆ ಬಟ್ಟೆಯ ಬೀರು. ಒಂದು ಕೋಣೆಗೆ ಮೂವರಿಗಿಂತ ಹೆಚ್ಚು ಜನರಿದ್ದರೆ ವಿಶ್ವಸಂಸ್ಥೆಯ ವಸತಿ ವಿಭಾಗವಾದ ಯುಎನ್-ಹ್ಯಾಬಿಟಾಟ್ ಪ್ರಕಾರ ಅದು ಇಕ್ಕಟ್ಟು. ಎರಡು ಕೋಣೆ ಎಂದು ಬರೆದರೆ ತಲಾ ಎರಡೂವರೆ ಜನ, ತೊಂದರೆಯಿಲ್ಲ. ಒಂದು ಎಂದರೆ ಐದು. ಕೋಣೆಯೆಂದರೆ ಕನಿಷ್ಠ 4 ಚದರ ಮೀಟರ್ ಜಾಗ, ಗೋಡೆ ಚಾವಣಿ ಮುಟ್ಟಬೇಕು ಅಥವಾ 2 ಮೀಟರ್ ಎತ್ತರವಾದರೂ ಇರಬೇಕು. ಟೇಪು ಹಿಡಿದು ಅಳೆದೆ. ಬೀರು 2 ಮೀಟರ್ ಮುಟ್ಟಲಿಲ್ಲ. ಮುಟ್ಟಿದ್ದರೂ ಅದನ್ನು ಗೋಡೆ ಎನ್ನಲು ನನ್ನ ಮನಸ್ಸು ಒಪ್ಪುತ್ತಿರಲಿಲ್ಲ. ಮನೆಯಾಕೆ ನಕ್ಕು, “ಬೀರು ತೆಗೆದರೆ ಅತ್ತೆಯವರಿಗೆ ಮರೆ ಎಲ್ಲಿ?” ಎಂದರು. ಆ ಮಾತನ್ನು ಷರಾ ಕಾಲಮಿನಲ್ಲಿ ಹಾಗೆಯೇ ಬರೆದಿಟ್ಟೆ.

ಬಾಡಿಗೆಯ ಅಂಕಿಗಳನ್ನು ಮೊದಲು ಜಾಹೀರಾತುಗಳಿಂದ ಕಲೆಹಾಕಿದೆ. ಅಲ್ಲಿರುವುದು ಮಾಲೀಕರು ಕೇಳುವ ಬಾಡಿಗೆ, ಬಾಡಿಗೆದಾರರು ಕೊಡುವುದಲ್ಲ. ಒಂದೇ ಮನೆಯನ್ನು ಮೂವರು ದಲ್ಲಾಳಿಗಳು ಹಾಕಿದ್ದೂ ಉಂಟು. ಕಿಟಕಿಯ ಕಬ್ಬಿಣದ ಜಾಲರಿಯ ವಿನ್ಯಾಸ ನೋಡಿ ಗುರುತಿಸಿದೆ. ಹಳೆಯ ಬಾಡಿಗೆದಾರರು ಕೊಡುತ್ತಿದ್ದುದು ಅದಕ್ಕಿಂತ ಬಹಳ ಕಡಿಮೆ. ಹಾಗಾಗಿ ಎರಡನ್ನೂ ಪ್ರತ್ಯೇಕವಾಗಿಟ್ಟು, ಸರಾಸರಿಯ ಬದಲು ಮಧ್ಯಾಂಕ, ಅಂದರೆ ಬಾಡಿಗೆಗಳನ್ನು ಏರಿಕೆಯ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವ ಅಂಕಿ, ತೆಗೆದೆ. ನಾಲ್ಕು ದುಬಾರಿ ಮನೆಗಳು ಸರಾಸರಿಯನ್ನು ಎಲ್ಲಿಗೋ ಎಳೆದೊಯ್ದಿದ್ದವು.

ಬೀಗ ಹಾಕಿದ ಮನೆಗಳೇ ನಿಜವಾದ ತಲೆನೋವು. ಹಗಲಲ್ಲಿ ಹೋದರೆ ದುಡಿಯುವವರ ಮನೆಯೆಲ್ಲ ಖಾಲಿಯಂತೆಯೇ ಕಾಣುತ್ತದೆ. ಬೆಳಿಗ್ಗೆ, ಸಂಜೆ, ರಜಾದಿನ, ಹೀಗೆ ಮೂರು ಸಲ ಹೋಗುವ ನಿಯಮ ಮಾಡಿಕೊಂಡೆ. ಅಕ್ಕಪಕ್ಕದವರನ್ನು ಕೇಳುವುದಾದರೆ ಒಬ್ಬೊಬ್ಬರನ್ನೇ ಕೇಳಬೇಕು. ಒಟ್ಟಿಗೆ ನಿಲ್ಲಿಸಿದರೆ ಮೊದಲು ಬಾಯಿ ತೆರೆದವರ ಉತ್ತರವೇ ಎಲ್ಲರ ಉತ್ತರವಾಗುತ್ತದೆ. ವಿದ್ಯುತ್ ಬಳಕೆ ಕಡಿಮೆಯಿದೆ ಎಂದು ಖಾಲಿ ಎಂದು ಬರೆಯುವಂತಿಲ್ಲ. ಒಂಟಿ ಮುದುಕರೊಬ್ಬರು ಒಂದೇ ದೀಪದಲ್ಲಿ ಬದುಕುತ್ತಿದ್ದರು.

ಹತ್ತಕ್ಕೆ ಒಂದು ಮನೆಗೆ ನಾನೇ ಮತ್ತೆ ಹೋಗಿ ಪರೀಕ್ಷಿಸಿದೆ. ಒಬ್ಬ ಸಹಾಯಕನ ಹಾಳೆಗಳಲ್ಲಿ ಸತತ ಹನ್ನೊಂದು ಮನೆಗಳಲ್ಲೂ ನಾಲ್ಕೇ ಜನ. ವಿಚಾರಿಸಿದರೆ, ನಾಯಿಗೆ ಹೆದರಿ ಗೇಟಿನ ಹೊರಗಿನಿಂದಲೇ ಅಂದಾಜು ಬರೆದಿದ್ದನಂತೆ. ಬೈಯಲಿಲ್ಲ, ಆ ಬೀದಿಗೆ ಇಬ್ಬರನ್ನು ಕಳಿಸಿದೆ. ಮೂಲ ಹಾಳೆಗಳನ್ನು ಅಳಿಸದೆ, ತಿದ್ದುಪಡಿಗಳನ್ನು ಪಕ್ಕದ ಕಾಲಮಿನಲ್ಲಿ ದಿನಾಂಕ ಸಹಿತ ಬರೆದೆವು. ಹೆಸರುಗಳಿದ್ದ ಪಟ್ಟಿಯನ್ನು ಬೇರೆ ಕಪಾಟಿನಲ್ಲಿಟ್ಟೆವು.

ಎರಡು ಮನೆಗಳ ಬಾಗಿಲು ಕೊನೆಗೂ ತೆರೆಯಲಿಲ್ಲ. ಅವು ನನ್ನ ಕೋಷ್ಟಕದಲ್ಲಿ ಇಂದಿಗೂ ‘ತಿಳಿದುಬಂದಿಲ್ಲ’ ಎಂಬ ಸಾಲಿನಲ್ಲೇ ಇವೆ.