ಮಳೆ ಬಿದ್ದ ಸುದ್ದಿ ಬಂದರೆ ಬ್ಯಾಗ್ ತುಂಬುತ್ತೇನೆ

ಮಲೆನಾಡಿಗೆ ಯಾವಾಗ ಹೋಗೋಣ ಅಂದರೆ ಹೆಚ್ಚಿನವರು ಮಳೆಗಾಲ ಅನ್ನುತ್ತಾರೆ, ಇಲ್ಲವೇ ಡಿಸೆಂಬರ್ ಚಳಿ. ನನ್ನ ಓಟು ಮಾತ್ರ ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕದ ದಿನಗಳಿಗೆ. ಜಲಪಾತಗಳು ಸೊರಗಿರುತ್ತವೆ, ಮಧ್ಯಾಹ್ನ ಬಿಸಿಲು ಜಾಸ್ತಿ, ಎಲ್ಲ ನಿಜ. ಆದರೆ ಕಾಫಿ ಹೂ ಬಿಡುವುದು, ಕಾಡು ಚಿಗುರುವುದು, ಊರವರು ಸುಗ್ಗಿ ಕುಣಿಯುವುದು ಎಲ್ಲ ಇದೇ ಹೊತ್ತಿಗೆ.

ತೊಂದರೆ ಏನೆಂದರೆ, ಕಾಫಿ ಹೂವಿಗೆ ತಾರೀಕು ಇಲ್ಲ. ಹಾಗಾಗಿ ನಾನು ಮೊದಲೇ ರೂಮ್ ಬುಕ್ ಮಾಡುವುದಿಲ್ಲ. ಸಕಲೇಶಪುರದ ಕಡೆ ತೋಟ ಇರುವ ಪರಿಚಯದವರ ಫೋನಿಗೆ ಕಾಯುತ್ತೇನೆ. ಅಲ್ಲಿನವರು ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಹೇಳುತ್ತಾರೆ. ನೂರು ಸೆಂಟ್ ಅಂದರೆ ಒಂದು ಇಂಚು. 'ನಮ್ಮಲ್ಲಿ ತೊಂಬತ್ತು ಸೆಂಟ್ ಆಯ್ತು ಕಣ್ರೀ, ಆಚೆ ಊರಿಗೆ ಬರೀ ಇಪ್ಪತ್ತು' ಅನ್ನುವ ಮಾತು ಬಂತೆಂದರೆ ನನ್ನ ಲೆಕ್ಕ ಶುರು. ಇದೇ ಹೂಮಳೆ. ಬಿದ್ದ ದಿನದಿಂದ ಸುಮಾರು 8ರಿಂದ 10 ದಿನಕ್ಕೆ ಗಿಡ ಅರಳುತ್ತದೆ. ಕಾಫಿಯ ಎರಡು ಜಾತಿಗಳಲ್ಲಿ ರೋಬಸ್ಟಾ ಸ್ವಲ್ಪ ಬೇಗ, ಅರೇಬಿಕಾ ನಿಧಾನ. ಮಳೆ ಕೈಕೊಟ್ಟರೆ ಎಷ್ಟೋ ರೋಬಸ್ಟಾ ತೋಟಗಳಲ್ಲಿ ಸ್ಪ್ರಿಂಕ್ಲರ್ ಹಾಕಿ ನೀರು ಹೊಡೆಯುತ್ತಾರೆ. ಅಲ್ಲಿ ಹೂವಿನ ದಿನ ಇನ್ನೂ ಸುಲಭವಾಗಿ ಗೊತ್ತಾಗುತ್ತದೆ, ಕೇಳಿದರೆ ಸಾಕು.

ಅರಳುವ ಹಿಂದಿನ ಸಂಜೆಯೇ ಅಲ್ಲಿ ಇರಬೇಕು, ಇದು ನನ್ನ ಹಟ. ಮೊಗ್ಗುಗಳು ಆಗ ಬೆಳ್ಳಗೆ ನೀಳವಾಗಿ, ರೆಕ್ಕೆಯ, ಅಂದರೆ ಕಾಫಿ ಗಿಡದ ಕೊಂಬೆಯ, ಗೆಣ್ಣುಗೆಣ್ಣಿನಲ್ಲೂ ಮೇಣದಬತ್ತಿ ಗೊಂಚಲು ನಿಲ್ಲಿಸಿದ ಹಾಗೆ ಕಾಣುತ್ತವೆ. ಮಾರನೇ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಪರಿಮಳ ಒಳಗೆ ಬಂದಿರುತ್ತದೆ, ಮಲ್ಲಿಗೆಗೆ ತೀರಾ ಹತ್ತಿರದ್ದು. ಎರಡನೇ ದಿನ ಕಳೆಯುತ್ತಿದ್ದಂತೆ ಎಸಳು ಕಂದಲು ಶುರುವಾಗುತ್ತದೆ. ಮೂರನೇ ದಿನ ಹೋದವರಿಗೆ ಕಂದು ಬಣ್ಣದ ಚೂರುಗಳಷ್ಟೇ ಸಿಗುವುದು. ವೀಕೆಂಡ್ ನೋಡಿಕೊಂಡು ಹೋಗುವವರಿಗೆ ಇದು ತಪ್ಪುವುದು ಇದೇ ಕಾರಣಕ್ಕೆ.

ತೋಟದೊಳಗೆ ಹೋಗುವಾಗ ಕೇಳಿಯೇ ಹೋಗಿ. ಫೋಟೋಕ್ಕೆ ಅಂತ ರೆಕ್ಕೆ ಬಗ್ಗಿಸುವವರನ್ನು ಕಂಡರೆ ನನಗೇ ಸಿಟ್ಟು ಬರುತ್ತದೆ, ಇನ್ನು ತೋಟದವರಿಗೆ ಹೇಗಾಗಬೇಡ. ಅರೇಬಿಕಾ ಹೂ ತನ್ನಷ್ಟಕ್ಕೇ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಅದಕ್ಕೆ ಗಾಳಿಯೂ ಬೇಕು, ಜೇನೂ ಬೇಕು. ಆ ಎರಡು ದಿನ ತೋಟದ ತುಂಬ ಗುಂಯ್ ಗುಂಯ್ ಸದ್ದು. ತುಡುವೆ ಜೊತೆಗೆ ಹೆಜ್ಜೇನೂ ಇರುತ್ತದೆ, ಹಾಗಾಗಿ ಸೆಂಟ್ ಹೊಡೆದುಕೊಂಡು ಹೋಗಬೇಡಿ.

ಹೂ ಸಿಗದಿದ್ದರೂ ನಷ್ಟವೇನಿಲ್ಲ. ಎಲೆ ಉದುರಿಸಿದ ಬೂರುಗ, ಹಾಲುವಾಣದ ಮರಗಳು ಕೆಂಪು ಹೂ ಬಿಟ್ಟಿರುತ್ತವೆ. ಹಕ್ಕಿ ನೋಡಲು ನಾನು ಅಲೆಯುವುದೇ ಇಲ್ಲ, ಅಂಥ ಒಂದು ಮರದ ಎದುರು ಬೆಳಿಗ್ಗೆ ಕೂತುಬಿಡುತ್ತೇನೆ. ಮಕರಂದಕ್ಕೆ ಗಿಳಿ, ಮೈನಾ, ಬಾಲದ ತುದಿಗೆ ಪುಕ್ಕದ ಬಿಲ್ಲೆ ಕಟ್ಟಿಕೊಂಡ ಭೀಮರಾಜ, ಎಲ್ಲ ಅಲ್ಲಿಗೇ ಬರುತ್ತವೆ. ಕುಟ್ರು ಹಕ್ಕಿಯಂತೂ ದಿನವಿಡೀ ಬಾಯಿ ಮುಚ್ಚುವುದಿಲ್ಲ.

ಈ ಕಾಲದಲ್ಲಿ ಜಿಗಣೆ ಕಾಟ ಇಲ್ಲ, ರಕ್ತ ಹೀರುವ ಉಣುಗು ಹುಳದ ಕಾಟ ಇದೆ. ಸುಮ್ನೆ ಹೆದರಿಸುತ್ತಿಲ್ಲ. ಮಂಗನ ಕಾಯಿಲೆ ಹರಡುವುದು ಇದೇ ಉಣುಗಿನಿಂದ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಈ ಜ್ವರ ಹೆಚ್ಚಾಗಿ ಕಾಣಿಸಿಕೊಳ್ಳುವುದು ಜನವರಿಯಿಂದ ಮೇ ತನಕ. ಯಾವ ಊರಿಗೆ ಹೋದರೂ 'ಹತ್ತಿರದಲ್ಲಿ ಮಂಗ ಸತ್ತಿದೆಯಾ?' ಅಂತ ಮೊದಲು ಕೇಳುತ್ತೇನೆ. ಹೌದೆಂದರೆ ಕಾಡಿನ ಕಡೆ ತಲೆ ಹಾಕುವುದಿಲ್ಲ. ಉಳಿದಂತೆ ತುಂಬು ತೋಳಿನ ಅಂಗಿ, ಪ್ಯಾಂಟಿನ ಅಂಚು ಸಾಕ್ಸ್ ಒಳಗೆ, ಒಣಗಿದ ತರಗೆಲೆ ಮೇಲೆ ಕೂರುವುದಿಲ್ಲ. ವಾಪಸ್ ಬಂದ ಕೂಡಲೇ ಬಿಸಿನೀರು, ಸೋಪು. ಬೆಟ್ಟ ಹತ್ತುವ ಯೋಚನೆ ಇದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಂಡೇ ಹೊರಡಿ. ಕಾಡಿನ ಬೆಂಕಿ ಭಯಕ್ಕೆ ಬೇಸಿಗೆಯಲ್ಲಿ ಎಷ್ಟೋ ಚಾರಣದ ದಾರಿ ಮುಚ್ಚಿರುತ್ತಾರೆ.

ಇನ್ನು ಸುಗ್ಗಿ. ಸಕಲೇಶಪುರ, ಮೂಡಿಗೆರೆ ಕಡೆ ಇದು ಪ್ರವಾಸಿಗರಿಗೆ ಅಂತ ಮಾಡುವ ಕಾರ್ಯಕ್ರಮ ಅಲ್ಲ, ಊರ ದೇವರ ಹಬ್ಬ. ದಿನ ಊರಿಂದ ಊರಿಗೆ ಬೇರೆ. ಹಬ್ಬ ಸಾರಿದ ಮೇಲೆ ಮುಗಿಯುವ ತನಕ ಹಸಿ ಮರ ಕಡಿಯಬಾರದು ಅನ್ನುವಂಥ ಕಟ್ಟುಪಾಡುಗಳಿವೆ. ಕೆಲವು ಕಡೆ ಒಗ್ಗರಣೆ ಕೂಡ ಹಾಕುವುದಿಲ್ಲ. ನಾನು ಮಾಡುವುದು ಇಷ್ಟೇ: ಊರಿನ ಹಿರಿಯರೊಬ್ಬರನ್ನು 'ಬರಬಹುದಾ ಗೌಡ್ರೇ?' ಅಂತ ಕೇಳಿ, ಚಪ್ಪಲಿ ದೂರ ಬಿಟ್ಟು, ಎಲ್ಲಿ ನಿಲ್ಲು ಅಂತಾರೋ ಅಲ್ಲಿ ನಿಲ್ಲುವುದು. ಫೋನು ಜೇಬಿನಲ್ಲೇ ಇದ್ದರೆ ಜನ ತಾವಾಗಿಯೇ ಮಾತಾಡಿಸುತ್ತಾರೆ, ಊಟಕ್ಕೂ ಕರೆಯುತ್ತಾರೆ.

ತಾರೀಕು ಗೊತ್ತಿರುವ ಹಬ್ಬವೇ ಬೇಕೆನ್ನುವವರಿಗೆ ನಾನು ಹೇಳುವುದು ಶಿರಸಿ. ಅಲ್ಲಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, 2022 ಮತ್ತು 2024ರ ಮಾರ್ಚಿನಲ್ಲಿ ಆದ ಹಾಗೆ. ಜಾತ್ರೆ ಇಲ್ಲದ ವರ್ಷ ಹೋಳಿ ಹಬ್ಬಕ್ಕೆ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷ. ಬೆನ್ನಿಗೆ ನವಿಲುಗರಿ ಕಟ್ಟಿ, ಕೈಯಲ್ಲಿ ಕತ್ತಿ ಗುರಾಣಿ ಹಿಡಿದ ವೇಷಧಾರಿ ತಮಟೆ ಸದ್ದಿಗೆ ನುಗ್ಗಿ ಬರುತ್ತಾನೆ, ಹಿಂದಿನಿಂದ ಇಬ್ಬರು ಹಗ್ಗ ಜಗ್ಗಿ ಹಿಡಿದಿರುತ್ತಾರೆ. ನನಗೆ ಜಾತ್ರೆಯ ನೂಕುನುಗ್ಗಲಿಗಿಂತ ಇದೇ ಇಷ್ಟ. ಸರಿರಾತ್ರಿ ದಾಟಿದರೂ ಮುಗಿಯುವುದಿಲ್ಲ, ಮಧ್ಯಾಹ್ನವೇ ಒಂದು ನಿದ್ದೆ ತೆಗೆದುಬಿಡಿ.